ಅಡಕಲು ಗಡಿಗೆಯ ಜಂಬ

ತುಂಬಿದ ಕೊಡ ತುಳುಕುವುದಿಲ್ಲ ಎಂದು ಗಾದೆ ಕಟ್ಟಿದವರು ನಮ್ಮ ಮನೆಗೆ ಬಂದವರಲ್ಲ. ನಮ್ಮ ಅಡುಗೆಮನೆಯ ಮೂಲೆಯಲ್ಲಿ ನೆಲದಿಂದ ಜಂತಿಯವರೆಗೆ ಒಂದರ ಮೇಲೊಂದು ಕೂತ ಗಡಿಗೆಗಳಿವೆ. ಎಲ್ಲವೂ ತುಂಬಿವೆ. ಅವು ಸುಮ್ಮನೆ ಕೂತಿವೆ, ಅವುಗಳ ಒಡತಿಯಾದ ನಾನು ಮಾತ್ರ ತುಳುಕುತ್ತಲೇ ಇರುತ್ತೇನೆ. ಮನೆಗೆ ಹೊಸಬರು ಬಂದರೆ ಏನೋ ತೆಗೆಯುವ ನೆಪ ಮಾಡಿ ಒಳಗೆ ಕರೆದುಕೊಂಡು ಹೋಗುತ್ತೇನೆ. ಅವರು ಗಡಿಗೆ ನೋಡುವುದು ಬಿಟ್ಟು ಗೋಡೆಯ ಮೇಲಿನ ದೇವರ ಪಟ ನೋಡಿದರೆ ನನಗೆ ದೇವರ ಮೇಲೇ ಸಿಟ್ಟು ಬರುತ್ತದೆ.

ಈ ಜಂಬ ಹುಟ್ಟಿನಿಂದ ಬಂದದ್ದಲ್ಲ. ನಾನು ನಂಜನಗೂಡಿನ ಕಡೆಯವಳು. ಅಲ್ಲಿ ಹಿತ್ತಲಿನ ಆಚೆ ಕಾಲುವೆ, ಕಾಲುವೆಯ ಆಚೆ ಗದ್ದೆ. ಬೇಳೆ ತೀರಿದ್ದು ಗೊತ್ತಾದರೆ, ಎಸರು ಕುದಿಯುವುದರೊಳಗೆ ಅಂಗಡಿಗೆ ಹೋಗಿ ಬರಬಹುದಿತ್ತು. ನನ್ನ ತಾಯಿ ಉಪ್ಪನ್ನು ಒಂದು ಮರದ ಮರಿಗೆಯಲ್ಲಿ ಇಡುತ್ತಿದ್ದರೇ ಹೊರತು ಅದನ್ನು ಮೂಟೆಗಟ್ಟಲೆ ಇಡಬಹುದೆಂದು ಕನಸಿನಲ್ಲೂ ನೆನೆದವರಲ್ಲ. ನನಗೆ ಮದುವೆಯಾಗಿ, ಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮುಂಚೆ ನಮ್ಮ ಯಜಮಾನರಿಗೆ ಯಲಬುರ್ಗಾದ ಒಂದು ಹತ್ತಿ ಗಿರಣಿಯಲ್ಲಿ ಗುಮಾಸ್ತಿಕೆ ಸಿಕ್ಕಿತು. ಯಲಬುರ್ಗಾ ಎಲ್ಲಿದೆ ಎಂದು ನಮ್ಮ ಊರಿನಲ್ಲಿ ಯಾರಿಗೂ ತಿಳಿಯದು. ಮೊಗಲಾಯಿಯಲ್ಲಿ, ಅಂದರೆ ನಿಜಾಮರ ರಾಜ್ಯದಲ್ಲಿದೆ ಎಂದಾಗ ನಮ್ಮ ಸೋದರತ್ತೆ ಒಂದು ಸುತ್ತು ಅತ್ತು, ಆಮೇಲೆ ಒಂದು ಗಂಟು ರಾಗಿಹಿಟ್ಟು ಕಟ್ಟಿಕೊಟ್ಟರು. ನಿಜಾಮರ ಗಡಿಯ ಸುಂಕದವರು ಆ ಗಂಟು ಬಿಚ್ಚಿಸಿ, ಮೂಸಿ, ಇದು ತಿನ್ನುವುದೋ ಮೈಗೆ ಹಚ್ಚುವುದೋ ಎಂದು ಕೇಳಿದರು.

ಕೊಪ್ಪಳದಲ್ಲಿ ರೈಲು ಇಳಿದು ಬಂಡಿ ಹತ್ತಿದೆವು. ದಾರಿಯುದ್ದಕ್ಕೂ ಕರಿಯ ನೆಲ, ಅದರ ಮೇಲೆ ಬಿಸಿಲು. ನೆರಳಿಗೆ ಮರ ಎಲ್ಲಿ ಎಂದು ಕೇಳಿದರೆ ಬಂಡಿಯವನು ಬಹಳ ದೂರದ ಒಂದು ಬೇವಿನ ಮರದ ಕಡೆ ಕೈ ತೋರಿಸಿ, ಸಂಜೆಗೆ ಅದನ್ನು ಮುಟ್ಟುತ್ತೇವೆ ಎಂದು ಸಮಾಧಾನ ಹೇಳಿದ.

ಆ ಊರಿನಲ್ಲಿ ವಾರಕ್ಕೊಂದು ಸಂತೆ. ಸಂತೆಯಲ್ಲಿ ಕೊಂಡದ್ದು ಉಂಟು, ಕೊಳ್ಳದ್ದು ಇಲ್ಲ. ಇದನ್ನು ನಾನು ಮೊದಲ ಮಳೆಗಾಲದಲ್ಲಿ ಕಲಿತೆ. ಮಳೆ ಹಿಡಿಯಿತು, ಹಳ್ಳ ಬಂತು, ಸಂತೆ ನಿಂತಿತು. ಕರಿಮಣ್ಣಿನ ದಾರಿಯಲ್ಲಿ ಹೂತ ಗಾಲಿಯನ್ನು ಎತ್ತಲು ಎತ್ತಿನಿಂದಲೂ ಆಗುವುದಿಲ್ಲ. ನಮ್ಮ ಮನೆಯಲ್ಲಿ ಹಿಟ್ಟು ತೀರಿತು. ಮೊರ ಹಿಡಿದುಕೊಂಡು ಪಕ್ಕದ ಮನೆಗೆ ಹೋದೆ.

ಪಕ್ಕದ ಮನೆ ನೀಲವ್ವನದು. ನನಗಿಂತ ಒಂದು ಸುತ್ತು ಹಿರಿಯರು, ಎತ್ತರದ ಆಳು, ಒಕ್ಕಲುತನದ ದೊಡ್ಡ ಮನೆ, ಮಾತು ಕಡಿಮೆ. ಇಬ್ಬರ ಕೊರಳಲ್ಲೂ ಲಿಂಗ ಇದ್ದುದರಿಂದ ನಮ್ಮ ನಡುವೆ ಒಲೆಯ ಭೇದ ಇರಲಿಲ್ಲ. ಒಲೆಯ ಮೇಲೆ ಬೇಯುತ್ತಿದ್ದುದು ಮಾತ್ರ ಬೇರೆ. ಅವರು ಮೊರದ ತುಂಬ ಜೋಳದ ಹಿಟ್ಟು ಸುರಿದರು. ಆಮೇಲೆ ನನ್ನ ಮುಖ ನೋಡಿ, ಕೊಂಕಿಲ್ಲದೆ, ನಿಜವಾದ ಅಚ್ಚರಿಯಿಂದ ಕೇಳಿದರು: "ನಾಳಿನ ಸಲುವಾಗಿ ಏನೂ ಇಟ್ಟಿಲ್ಲೇನ್ರಿ ಅಕ್ಕಾರ?"

ಕೊಂಕು ಮಾತಾಗಿದ್ದರೆ ತಿರುಗಿ ಒಂದು ಮಾತು ಆಡಿ ಹಗುರವಾಗುತ್ತಿದ್ದೆ. ಅಚ್ಚರಿಗೆ ಏನು ಉತ್ತರ ಕೊಡುವುದು? ಮರುದಿನದ ಹೊತ್ತಿಗೆ ಮೈಸೂರವ್ವಾರ ಮನೆಯಲ್ಲಿ ಹಿಟ್ಟಿಲ್ಲ ಎಂದು ಓಣಿಗೆಲ್ಲ ಗೊತ್ತಾಗಿತ್ತು. ಒಬ್ಬರು ಬೇಳೆ ತಂದರು, ಒಬ್ಬರು ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ತಂದರು, ಇನ್ನೊಬ್ಬರು ಒಣಗಿಸಿದ ಸೌತೆಕಾಯಿಯ ಬಾಳಕ ತಂದು ಅದನ್ನು ಕರಿಯುವುದು ಹೇಗೆಂದು ಮಗುವಿಗೆ ಹೇಳುವ ಹಾಗೆ ಹೇಳಿಕೊಟ್ಟರು. ಅವರ ಒಳ್ಳೆಯತನದಲ್ಲಿ ನಾನು ಮುಳುಗಿಹೋದೆ. ಆ ವಾರವೇ ಒಂದು ಹಟ ತೊಟ್ಟೆ. ಈ ಓಣಿಯಲ್ಲಿ ಒಂದಲ್ಲ ಒಂದು ದಿನ ಯಾರಾದರೂ ಖಾಲಿ ಮೊರ ಹಿಡಿದು ನನ್ನ ಬಾಗಿಲಿಗೆ ಬರಬೇಕು. ಅವತ್ತು ನಾನು ಈ ಊರಿನವಳು, ಅಲ್ಲಿಯವರೆಗೆ ಬರೀ ಮೈಸೂರವ್ವ.

ಇಲ್ಲಿಯ ಪ್ರತಿ ಮನೆಯ ಮೂಲೆಯಲ್ಲೂ ಅಡಕಲು ಗಡಿಗೆ ಇರುತ್ತದೆ. ಎಲ್ಲಕ್ಕೂ ದೊಡ್ಡ ಗಡಿಗೆ ನೆಲದ ಮೇಲೆ, ಅದರ ಬಾಯಿಯ ಮೇಲೆ ಅದಕ್ಕಿಂತ ಚಿಕ್ಕದು, ಅದರ ಮೇಲೆ ಇನ್ನೂ ಚಿಕ್ಕದು, ಹೀಗೆ ತುದಿಯಲ್ಲಿ ಒಂದು ಕುಡಿಕೆಯವರೆಗೆ. ಕಾಳು, ಬೇಳೆ, ಬೆಲ್ಲ, ಹುಣಸೆ, ಉಪ್ಪು, ಸಂಡಿಗೆ ಎಲ್ಲ ಅದರೊಳಗೆ. ನಾನು ನೇರವಾಗಿ ಕುಂಬಾರರ ಮನೆಗೆ ಹೋಗಿ, ಇದ್ದುದರಲ್ಲಿ ಬಹಳ ದೊಡ್ಡ ಗಡಿಗೆಯನ್ನು ತೋರಿಸಿ, ಎಲ್ಲವನ್ನೂ ಇದೇ ಅಳತೆಯಲ್ಲಿ ಕೊಡಿ ಎಂದೆ. ಚಿಕ್ಕ ಗಡಿಗೆ ಯಾಕೆ ಕೊಳ್ಳಬೇಕು? ನನಗೇನು ಕಡಿಮೆ? ಕುಂಬಾರ ಎರಡು ಸಲ ಕೇಳಿದ, ನಾನು ಎರಡು ಸಲವೂ ಗತ್ತಿನಿಂದಲೇ ಹೇಳಿದೆ. ಮನೆಗೆ ತಂದು ಒಂದರ ಮೇಲೊಂದು ಇಡಹೋದರೆ ಯಾವುದೂ ಯಾವುದರ ಮೇಲೂ ಕೂರಲೊಲ್ಲದು. ಕೊನೆಗೆ ಎಲ್ಲವೂ ನೆಲದ ಮೇಲೆ ಸಾಲಾಗಿ ಕೂತವು. ಆ ಸಂಜೆ ಯಜಮಾನರು ಎರಡು ಗಡಿಗೆಗಳ ನಡುವೆ ನುಸುಳಿ ಉಣ್ಣಲು ಕೂತು, ಪಂಕ್ತಿಯಲ್ಲಿ ಇವತ್ತು ಎಲ್ಲ ದೊಡ್ಡವರೇ ಇದ್ದಾರಲ್ಲ ಎಂದರು. ಓಣಿಯ ಹೆಂಗಸರು ಗುಂಪಾಗಿ ಬಂದು ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಹೋದರು.

ಸರಿಯಾದ ಅಳತೆಯ ಗಡಿಗೆಗಳು ಬಂದ ಮೇಲೆ ಇನ್ನೊಂದು ಎಡವಟ್ಟು ಮಾಡಿದೆ. ಅಮೂಲ್ಯವಾದದ್ದನ್ನು ಎಲ್ಲಕ್ಕಿಂತ ಭದ್ರವಾದ ಜಾಗದಲ್ಲಿ ಇಡಬೇಕಲ್ಲವೇ? ಆಪತ್ತಿಗೆಂದು ಕೂಡಿಸಿದ್ದ ಶುಂಠಿ, ಬಜೆ, ಚೇಳಿನ ಮದ್ದು, ಕಡ್ಡಿಪೆಟ್ಟಿಗೆ ಎಲ್ಲವನ್ನೂ ಬುಡದ ಗಡಿಗೆಯಲ್ಲಿ ಇಟ್ಟು, ಮೇಲೆ ಮಿಕ್ಕ ಗಡಿಗೆಗಳನ್ನು ಏರಿಸಿ, ನೆಮ್ಮದಿಯಿಂದ ಇದ್ದೆ. ಒಂದು ದಿನ ಯಜಮಾನರಿಗೆ ಚೇಳು ಕುಟುಕಿತು. ನಾನು ಒಂದೊಂದೇ ಗಡಿಗೆ ಇಳಿಸುತ್ತಾ ಬುಡಕ್ಕೆ ಬರುವಷ್ಟರಲ್ಲಿ ಅವರ ನೋವು ತಾನಾಗಿಯೇ ಇಳಿದಿತ್ತು. ಮದ್ದು ಹಚ್ಚಲೇಬೇಕೆಂದು ನಾನು ಹಟ ಮಾಡಿದೆ, ಅಷ್ಟು ಕಷ್ಟಪಟ್ಟು ತೆಗೆದದ್ದು ವ್ಯರ್ಥವಾಗಬಾರದಲ್ಲ. ಬುಡಕ್ಕೆ ವರ್ಷದ್ದು, ನಡುವೆ ತಿಂಗಳದ್ದು, ತುದಿಗೆ ಇವತ್ತಿನದು ಎಂದು ನೀಲವ್ವ ಆಮೇಲೆ ಹೇಳಿಕೊಟ್ಟರು. ಅವರು ಅದನ್ನು ನಗದೆ ಹೇಳಿದರು ಎಂಬುದನ್ನು ನಾನು ಇನ್ನೂ ಮರೆತಿಲ್ಲ.

ಹೀಗೆ ತಪ್ಪುತ್ತಾ ತಿದ್ದುತ್ತಾ ವರ್ಷಗಳು ಕಳೆದವು. ಹುಳು ಹತ್ತದಂತೆ ಜೋಳಕ್ಕೆ ಬೇವಿನ ಎಲೆ, ಹೆಸರಿಗೆ ಬೂದಿ, ತೊಗರಿಬೇಳೆಗೆ ಹರಳೆಣ್ಣೆಯ ಕೈ, ಗಡಿಗೆಯ ಬಾಯಿಗೆ ಸಗಣಿಯ ಮೆತ್ತಿಗೆ. ಬೇಸಿಗೆ ಬಂದರೆ ಮಾಳಿಗೆಯ ಮೇಲೆ ನನ್ನ ಸಂಡಿಗೆ, ಹಪ್ಪಳ, ಬಾಳಕಗಳೇ ಹರಡಿ ಕಾಗೆಗಳಿಗೂ ನನಗೂ ನಿತ್ಯ ಕಾಳಗ. ಆದರೆ ನನ್ನ ನಿಜವಾದ ಹೆಮ್ಮೆ ಇವು ಯಾವುದೂ ಅಲ್ಲ, ರೊಟ್ಟಿ. ಈ ಸೀಮೆಯ ಖಡಕ್ ರೊಟ್ಟಿ ನೀವು ಕಂಡಿದ್ದೀರಲ್ಲ? ಹಾಳೆಯಂತೆ ತೆಳ್ಳಗೆ ಬಡಿದು, ಬೇಯಿಸಿ, ಗರಿಗರಿಯಾಗುವಂತೆ ಒಣಗಿಸಿ, ಬುಟ್ಟಿಯಲ್ಲಿ ಒಟ್ಟಿ ಬಟ್ಟೆ ಕಟ್ಟಿಟ್ಟರೆ ತಿಂಗಳಾದರೂ ಹಾಗೆಯೇ ಇರುತ್ತದೆ. ಮಳೆ ಹಿಡಿದರೂ ಸೌದೆ ಹಸಿಯಾದರೂ ಊಟ ನಿಲ್ಲುವುದಿಲ್ಲ. ನಾನು ಬಡಿದ ಮೊದಲ ರೊಟ್ಟಿ ಮೈಸೂರು ಸಂಸ್ಥಾನದ ನಕ್ಷೆಯ ಹಾಗಿತ್ತು, ತಾಲ್ಲೂಕುಗಳೆಲ್ಲ ಬೇರೆಬೇರೆಯಾಗಿದ್ದವು. ಪಕ್ಕದ ಮನೆಯಿಂದ ನೀಲವ್ವನ ರೊಟ್ಟಿಯ ಸಪ್ಪಳ ಕೇಳಿಸುತ್ತಿತ್ತು. ಒಂದೇ ಸಮ, ತಾಳ ತಪ್ಪದೆ. ನನ್ನ ಕೈಯೂ ಆ ತಾಳಕ್ಕೆ ಕೂಡುವವರೆಗೆ ಎಷ್ಟು ಹಿಟ್ಟು ದನದ ಬಾನಿಗೆ ಹೋಯಿತೋ ಶಿವನೇ ಬಲ್ಲ. ಕೂಡಿದ ದಿನ ಮಾತ್ರ, ಬುಟ್ಟಿ ತುಂಬಿ ಬಟ್ಟೆ ಕಟ್ಟಿ, ಒಬ್ಬಳೇ ಕೂತು ಅದನ್ನು ಬಹಳ ಹೊತ್ತು ನೋಡಿದೆ.

ಯಜಮಾನರಿಗೆ ಸಂಸ್ಕೃತದ ಗಾಳಿ ಸ್ವಲ್ಪ ಬಡಿದಿದೆ. ಹಳೆಯ ಶಾಸ್ತ್ರಕಾರರು ಗೃಹಸ್ಥರಲ್ಲಿ ನಾಲ್ಕು ದರ್ಜೆ ಮಾಡಿದ್ದಾರೆಂದು ಅವರು ಒಮ್ಮೆ ಹೇಳಿದರು. ಕಣಜದ ತುಂಬ ಧಾನ್ಯ ಇಟ್ಟವನು, ಗಡಿಗೆಯ ತುಂಬ ಇಟ್ಟವನು, ಮೂರು ದಿನಕ್ಕೆ ಇಟ್ಟವನು, ನಾಳೆಗೇ ಇಲ್ಲದವನು. ನಾಲ್ವರಲ್ಲಿ ಕೊನೆಯವನೇ ಶ್ರೇಷ್ಠನಂತೆ. ಹಾಗಾದರೆ ಈ ಊರಿಗೆ ಬಂದ ಹೊಸದರಲ್ಲಿ ನಾವು ಬಹಳ ಶ್ರೇಷ್ಠರಾಗಿದ್ದೆವು ಎಂದೆ. ಮತ್ತೆ ಕೇಳಿದೆ, ಆ ಕೊನೆಯವನಿಗೆ ಮರುದಿನ ಹಸಿವಾದಾಗ ಅವನು ಯಾರ ಮನೆಯ ಮುಂದೆ ನಿಲ್ಲುತ್ತಿದ್ದ? ಮೊದಲನೆಯವನ ಮನೆಯ ಮುಂದೆ ತಾನೇ? ಶಾಸ್ತ್ರ ಬರೆದವರೂ ಉಂಡೇ ಬರೆದಿರಬೇಕು. ಕೊಪ್ಪಳದ ಗುಡ್ಡದ ಮೇಲಿನ ಕೋಟೆಯನ್ನು ನೋಡಿ. ಅಂಥ ಕೋಟೆಗಳ ವಿಷಯ ಮಾತು ಬಂದಾಗ ಗಂಡಸರು ತೋಪು, ಮದ್ದು, ಬುರುಜು ಎನ್ನುತ್ತಾರೆ. ಒಳಗಿನ ಕಣಜ ಬರಿದಾದ ದಿನ ಯಾವ ಬುರುಜು ನಿಂತೀತು? ಕೋಟೆಯ ಉಗ್ರಾಣ ನೋಡಿಕೊಂಡವರ ಹೆಸರನ್ನು ಯಾವ ಕಲ್ಲಿನ ಮೇಲೂ ಕೆತ್ತಿಸಿಲ್ಲ ಎಂಬುದು ನನ್ನ ಹಳೆಯ ತಕರಾರು.

ಇಷ್ಟೆಲ್ಲ ತುಂಬಿಸಿಟ್ಟರೂ ನನ್ನ ಹಟ ಹಾಗೇ ಉಳಿಯಿತು. ಯಾರೂ ಬರಲಿಲ್ಲ. ಬರುವುದಾದರೂ ಹೇಗೆ? ಓಣಿಯ ಎಲ್ಲ ಮನೆಗಳಲ್ಲೂ ನನಗಿಂತ ಹೆಚ್ಚಿಗೆ ತುಂಬಿತ್ತು. ಹಳ್ಳ ಬಂದರೆ ಅವರು ಬಾಗಿಲು ಹಾಕಿಕೊಂಡು ಹುರಿದ ಶೇಂಗಾ ತಿನ್ನುತ್ತಾ ಕೂರುತ್ತಿದ್ದರು. ಯುದ್ಧ ಬಂತು. ಕಾಳುಕಡಿಗೆ ಸಂತೆಯಾದರೆ ಚಿಲ್ಲರೆ ಸಾಮಾನಿಗೆ ಊರಿನಲ್ಲಿದ್ದದ್ದು ಇಮಾಮಸಾಬರ ಅಂಗಡಿ. ಅಲ್ಲಿ ಮೊದಲು ಸೀಮೆಎಣ್ಣೆ ಮಾಯವಾಯಿತು, ಆಮೇಲೆ ಕಡ್ಡಿಪೆಟ್ಟಿಗೆ, ಆಮೇಲೆ ಸಕ್ಕರೆ. ಕೊನೆಗೆ ಅಂಗಡಿಯಲ್ಲಿ ಉಳಿದದ್ದು ಇಮಾಮಸಾಬರು ಮತ್ತು ಅವರ ತಕ್ಕಡಿ. ನನ್ನಲ್ಲಿ ಕಡ್ಡಿಪೆಟ್ಟಿಗೆ ಬೇಕಾದಷ್ಟಿತ್ತು. ಈಗಲಾದರೂ ಬಂದಾರು ಎಂದು ಕಾದೆ. ಅವರು ಹರಳೆಣ್ಣೆಯ ದೀಪ ಹಚ್ಚಿಕೊಂಡರು. ಬೆಂಕಿ ಆರಿದರೆ ಒಂದು ಸಗಣಿಯ ಕುಳ್ಳಿನ ಮೇಲೆ ಕೆಂಡ ಇಟ್ಟುಕೊಂಡು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದರು. ನಿನ್ನ ಕಡ್ಡಿಪೆಟ್ಟಿಗೆಗೆ ಹಿಟ್ಲರನಿಂದಲೂ ಮರ್ಯಾದೆ ಕೊಡಿಸಲು ಆಗಲಿಲ್ಲವಲ್ಲ ಎಂದು ಯಜಮಾನರು ಮರುಗಿದರು. ಕೊನೆಗೆ ನೋಡಿದರೆ ಅವು ಉಪ್ಪಿನ ಗಡಿಗೆಯ ಮೇಲೆ ಕೂತು ತೇವ ಹಿಡಿದು, ಗೀರಿದರೆ ತಲೆ ಕಳಚಿಕೊಳ್ಳುತ್ತಿದ್ದವು.

ಯಾರಿಗಾದರೂ ಚಿಕ್ಕದೊಂದು ಆಪತ್ತು ಬರಲಿ ಎಂದು ನಾನು ಬೇಡಿಕೊಂಡೆ ಎಂದರೆ ತಪ್ಪಾದೀತು. ಬಂದರೆ ನಮ್ಮ ಓಣಿಯಲ್ಲೇ ಬರಲಿ ಎಂದಷ್ಟೇ ಅಂದುಕೊಂಡೆ.

ಮುಂದಿನದನ್ನು ಬರೆಯಲು ನೀಲವ್ವನ ಅಪ್ಪಣೆ ಪಡೆದಿದ್ದೇನೆ. ಬರೆಯಿರಿ, ನಮ್ಮ ಬೀಗರೊಳಗೆ ಪುಸ್ತಕ ಓದುವ ಚಟ ಯಾರಿಗೂ ಇಲ್ಲ ಎಂದು ಹೇಳಿ ಅವರು ನಕ್ಕರು.

ಯುದ್ಧ ಇನ್ನೂ ನಡೆದಿತ್ತು. ಮಾಘದ ಭಾರತ ಹುಣ್ಣಿಮೆ ಹತ್ತಿರ ಬಂದಿತ್ತು, ಹೊಸ ಜೋಳ ಇನ್ನೂ ಹೊಲದಲ್ಲಿತ್ತು. ನೀಲವ್ವನ ಮಗಳು ಗಂಗವ್ವನನ್ನು ಹಿಂದಿನ ವರ್ಷ ಕುಷ್ಟಗಿಯ ಕಡೆ ಕೊಟ್ಟಿದ್ದರು. ಗಂಡಿನ ತಾಯಿ, ಅಂದರೆ ನೀಲವ್ವನ ಬೀಗಿತ್ತಿ, ಹೆಸರಾಂತ ಹೆಂಗಸು. ಮದುವೆಯ ದಿನ ಹೋಳಿಗೆಯ ಹೂರಣವನ್ನು ಬೆರಳಿನಲ್ಲಿ ತೆಗೆದು ನೋಡಿ, ಬೆಲ್ಲ ಹಳೆಯದು ಎಂದು ಚಪ್ಪರದ ತುಂಬ ಕೇಳುವಂತೆ ಹೇಳಿದ್ದರು. ಆಕೆ ಸೊಸೆ ಗಂಗವ್ವನೂ ಸೇರಿ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಹುಲಿಗೆಮ್ಮನ ದರ್ಶನಕ್ಕೆ ಹೊರಟವರು, ಸುತ್ತಾದರೂ ಆಗಲಿ, ಬೀಗರ ಮನೆ ನೋಡಿಕೊಂಡೇ ಹೋಗೋಣ ಎಂದು ಬಂಡಿಗಳನ್ನು ಯಲಬುರ್ಗಾಕ್ಕೆ ತಿರುಗಿಸಿದರು. ಮುಂಚೆ ಹೇಳಿ ಕಳಿಸಿರಲಿಲ್ಲ. ಹೇಳಿ ಕಳಿಸಿದರೆ ನೋಡುವುದೇನು ಉಳಿಯುತ್ತದೆ?

ಬಿಸಿಲೇರುವ ಹೊತ್ತಿಗೆ ಓಣಿಯಲ್ಲಿ ಎತ್ತಿನ ಗೆಜ್ಜೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ನಮ್ಮ ಹಿತ್ತಲಿನ ಗಿಡ್ಡ ಗೋಡೆಯ ಆಚೆ ನೀಲವ್ವ ಬಂದು ನಿಂತರು. ಸೆರಗಿನ ಅಡಿಯಲ್ಲಿ ಏನೋ ಹಿಡಿದಿದ್ದರು.

"ಬೀಗರು ಬಂದಾರ್ರಿ," ಎಂದರು. "ಮೂರು ಬಂಡಿ."

ನನಗೆ ಮೊದಲು ಅರ್ಥವಾಗಲಿಲ್ಲ. ಊರಿಗೆಲ್ಲ ಹಂಚುವಷ್ಟು ಜೋಳ ಇರುವ ಮನೆ ಅವರದು. ಆದರೆ ಆ ಜೋಳ ಇರುವುದು ಹಗೇವಿನಲ್ಲಿ. ಒಕ್ಕಲು ಮನೆಗಳ ಮುಂದೆ ನೆಲದೊಳಗೆ ಆಳವಾದ ಗುಂಡಿ ತೋಡಿ, ಒಳಗೆಲ್ಲ ದಂಟು ಹುಲ್ಲು ಹೊದಿಸಿ, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಡುತ್ತಾರೆ. ವರ್ಷಗಟ್ಟಲೆ ಹುಳು ಹತ್ತುವುದಿಲ್ಲ, ಕಳ್ಳನಿಗೆ ಸಿಗುವುದಿಲ್ಲ. ಅವಸರದಲ್ಲಿ ಒಡೆಯನಿಗೂ ಸಿಗುವುದಿಲ್ಲ. ತೆರೆದ ಕೂಡಲೇ ಒಳಗೆ ಇಳಿದವನು ಉಸಿರುಕಟ್ಟಿ ಸಾಯುತ್ತಾನೆ. ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಆಳು ಇಳಿಯಬೇಕು. ನೀಲವ್ವನ ಮನೆಯೊಳಗಿನ ಜೋಳವೆಲ್ಲ ಹತ್ತಿ ಬಿಡಿಸುವವರ ಕೂಲಿಗೆ, ಗಡಿಗೆಯ ಬೇಳೆ ಬೆಲ್ಲವೆಲ್ಲ ಅವರ ಊಟಕ್ಕೆ ಹೋಗಿತ್ತು. ಹುಣ್ಣಿಮೆ ಕಳೆದು ಹಗೇವು ತೆರೆದರಾಯಿತು ಎಂದು ಇದ್ದರು. ನೀಲವ್ವನ ಗಂಡ ಹತ್ತಿಯ ಬಂಡಿ ಹೊಡೆದುಕೊಂಡು ಕೊಪ್ಪಳಕ್ಕೆ ಹೋಗಿದ್ದರು. ಇದೆಲ್ಲ ಸಾಲದೆಂದು ಬೀಗರು ಬಂಡಿಗಳನ್ನು ತಂದು ನಿಲ್ಲಿಸಿ ಎತ್ತು ಕಟ್ಟಿದ್ದು ನೆಟ್ಟಗೆ ಹಗೇವಿನ ಬಾಯಿಯ ಮೇಲೆ.

"ಯಾರಿಗೂ ಗೊತ್ತಾಗಬಾರದ್ರಿ ಅಕ್ಕಾರ," ಎಂದರು ನೀಲವ್ವ. "ನನ್ನ ಮಗಳು ಅಲ್ಲೇ ಬಾಳೇವು ಮಾಡಬೇಕು."

ಸೆರಗು ಸರಿಸಿದರು. ಕೈಯಲ್ಲಿ ಖಾಲಿ ಮೊರ ಇತ್ತು.

ಆಗ ನನಗಾದದ್ದನ್ನು ಮುಚ್ಚುಮರೆ ಮಾಡುವುದಿಲ್ಲ. ಅವರ ಕಣ್ಣಲ್ಲಿ ನೀರಿತ್ತು, ನನ್ನ ಎದೆಯಲ್ಲಿ ಡೊಳ್ಳು ಮೊಳಗುತ್ತಿತ್ತು. ಎಷ್ಟು ವರ್ಷ ಕಾದಿದ್ದೆ! ಬಂದವರೂ ಸಾಮಾನ್ಯರಲ್ಲ, ಸ್ವತಃ ನೀಲವ್ವ. ಮುಂಬಾಗಿಲಿನಿಂದ ಬುಟ್ಟಿ ಹೊತ್ತು ಓಣಿಯ ನಡುವೆ ನಡೆದು ಹೋಗಬೇಕು, ಅವತ್ತು ಬೇಳೆ ತಂದವರು, ಬಾಳಕ ತಂದವರು ಎಲ್ಲರೂ ನೋಡಬೇಕು ಎಂದು ಕಾಲು ಕುಣಿಯಿತು. ಆದರೆ ದಾರಿ ಇದ್ದದ್ದು ಹಿತ್ತಲಿನ ಗೋಡೆಯ ಮೇಲೆ ಮಾತ್ರ. ಕಾದು ಕಾದು ಬಂದ ಪಟ್ಟಾಭಿಷೇಕವನ್ನು ಸದ್ದಿಲ್ಲದೆ ಮಾಡಿಸಿಕೊಳ್ಳಬೇಕಾಯಿತು.

ಗಡಿಗೆಗಳನ್ನು ಇಳಿಸಿದೆ. ಬೇಳೆ, ಬೆಲ್ಲ, ಅಗಸೆಯ ಚಟ್ನಿಪುಡಿ, ಗುರೆಳ್ಳು ಪುಡಿ, ಸಂಡಿಗೆ, ಬಾಳಕ ಒಂದೊಂದಾಗಿ ಗೋಡೆ ದಾಟಿದವು. ಹಿಟ್ಟು ಕೊಟ್ಟೆ. ಮೂರು ಬಂಡಿ ಜನಕ್ಕೆ ಅದನ್ನು ಬಡಿದು ಬೇಯಿಸಲು ಹೊತ್ತೆಲ್ಲಿ? ನನ್ನ ಖಡಕ್ ರೊಟ್ಟಿಯ ಬುಟ್ಟಿಯನ್ನು ಎತ್ತಿ ಕೊಟ್ಟೆ. ಕೊಟ್ಟ ಮೇಲೆ ಹೊಳೆಯಿತು. ಬೆಲ್ಲ ಯಾರ ಮನೆಯದಾದರೂ ಬೆಲ್ಲವೇ. ರೊಟ್ಟಿ ಹಾಗಲ್ಲ, ಅದರಲ್ಲಿ ಬಡಿದವರ ಕೈ ಕಾಣುತ್ತದೆ. ಹೂರಣವನ್ನು ಬೆರಳಲ್ಲಿ ತೆಗೆದು ನೋಡಿದ ಆ ಹೆಂಗಸು ಇದು ಈ ಸೀಮೆಯ ಕೈಯಲ್ಲ ಎಂದು ಹೇಳಿಬಿಟ್ಟರೆ ಗಂಗವ್ವನ ಗತಿ? ನಿನ್ನ ತವರಿನಲ್ಲಿ ರೊಟ್ಟಿಯನ್ನೂ ಕಡ ತರುತ್ತಾರೆ ಎಂಬ ಮಾತನ್ನು ಆ ಹುಡುಗಿ ಸಾಯುವ ತನಕ ಕೇಳಬೇಕಾಗುತ್ತದೆ.

ಗಂಡಸರ ಊಟವಾದ ಮೇಲೆ ಹೆಂಗಸರು ಕೂತರು. ನೆರೆಯವಳೆಂದು ನನ್ನನ್ನೂ ಕರೆದು ಬೀಗಿತ್ತಿಯ ಎದುರಿಗೆ ಕೂರಿಸಿದರು. ಆಕೆ ಒಂದು ರೊಟ್ಟಿಯನ್ನು ಎತ್ತಿ ಬಾಗಿಲಿನ ಬೆಳಕಿಗೆ ಹಿಡಿದರು. ಅತ್ತ ಇತ್ತ ತಿರುಗಿಸಿದರು. ಕಿವಿಗೊಟ್ಟು ಮುರಿದರು. ಬಾಯಿಗೆ ಹಾಕಿ ಅಗಿಯುತ್ತಲೇ ಇದ್ದರು. ಪಕ್ಕದಲ್ಲಿ ಗಂಗವ್ವನೂ ಒಂದು ಚೂರು ಬಾಯಿಗಿಟ್ಟಳು. ತಾಯಿಯ ಕೈರೊಟ್ಟಿ ಮಗಳಿಗೆ ಗೊತ್ತಿರುವುದಿಲ್ಲವೇ? ಒಂದು ಸಲ ನನ್ನನ್ನು ನೋಡಿ ತಲೆ ತಗ್ಗಿಸಿಬಿಟ್ಟಳು. ನೀಲವ್ವ ತುಪ್ಪದ ಗಿಂಡಿ ಹಿಡಿದವರು ಹಿಡಿದ ಹಾಗೆಯೇ ನಿಂತಿದ್ದರು.

ಬೀಗಿತ್ತಿ ನುಂಗಿದರು. ಇನ್ನೊಂದು ರೊಟ್ಟಿ ತೆಗೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ನೋಡ್ರಿ ಮೈಸೂರವ್ವಾರ, ಮನಿ ಅಂದ್ರ ಹಿಂಗಿರಬೇಕು. ಹೇಳದ ಕೇಳದ ಬಂದೀವಿ, ಒಂದಕ್ಕೂ ಕಡಿಮಿ ಇಲ್ಲ. ಇಂಥಾ ರೊಟ್ಟಿ ಬಡಿಯೂದು ನಿಮ್ಮ ಕಡಿ ಮಂದಿಗೆ ಈ ಜನ್ಮದಾಗ ಬರಂಗಿಲ್ಲ ಬಿಡ್ರಿ. ಬಾಜೂ ಮನ್ಯಾಗ ಅದೀರಿ, ನೋಡಿ ಕಲೀರಿ."

ನನ್ನ ನಾಲಿಗೆಯ ತುದಿಯವರೆಗೆ ಒಂದು ಮಾತು ಬಂತು. ಅದು ಯಾವ ಮಾತೆಂದು ನಿಮಗೆ ಗೊತ್ತು. ನೀಲವ್ವ ನನ್ನನ್ನೇ ನೋಡುತ್ತಿದ್ದರು.

"ಹೌದ್ರಿ," ಎಂದೆ. "ನೀಲಕ್ಕಾರಿಂದ ಕಲಿಯೂದು ಇನ್ನಾ ಭಾಳ ಐತ್ರಿ."

ಅದು ಸುಳ್ಳೂ ಆಗಿರಲಿಲ್ಲ. ನೀಲವ್ವ ಬಂದು ನನ್ನ ತಾಟಿಗೆ ತುಪ್ಪ ಹಾಕಿದರು, ಸಾಕು ಎಂದರೂ ನಿಲ್ಲಿಸಲಿಲ್ಲ. ನನ್ನದೇ ರೊಟ್ಟಿಯನ್ನು ಬೀಗರ ಪಂಕ್ತಿಯಲ್ಲಿ, ಇನ್ನೊಬ್ಬರ ಹೆಸರಿನಲ್ಲಿ, ಕೇಳಿ ಕೇಳಿ ಹಾಕಿಸಿಕೊಂಡು ಉಂಡೆ. ಸಂಜೆ ನಮ್ಮ ಯಜಮಾನರು ಊಟ ಹೇಗಿತ್ತು ಎಂದು ಕೇಳಿದಾಗ ಅವರಿಗೂ ಬಾಯಿ ಬಿಡಲಿಲ್ಲ, ರೊಟ್ಟಿ ಚೆನ್ನಾಗಿತ್ತು ಎಂದಷ್ಟೇ ಹೇಳಿದೆ. ಹೆಮ್ಮೆಯನ್ನು ಆಗಿಂದಾಗಲೇ ನಾಲ್ಕು ಜನರ ಮುಂದೆ ಬಡಿಸಿಬಿಡಬೇಕು, ಇಲ್ಲದಿದ್ದರೆ ಕೆಟ್ಟುಹೋಗುತ್ತದೆ ಎಂದುಕೊಂಡಿದ್ದವಳು ನಾನು. ಅವತ್ತಿನದನ್ನು ಮಾತ್ರ ಹಗೇವಿನ ಹಾಗೆ ಬಾಯಿ ಮುಚ್ಚಿ, ಮಣ್ಣು ಮೆತ್ತಿ ಇಟ್ಟೆ. ಇಷ್ಟು ವರ್ಷದ ಮೇಲೆ ಇವತ್ತು ತೆಗೆದು ನೋಡುತ್ತಿದ್ದೇನೆ, ಒಂದು ಕಾಳೂ ಕೆಟ್ಟಿಲ್ಲ.